ಪರದೆಯ ಹಸಿರೂ ಎರೆಹೊಲದ ತೇವವೂ

ನವಿಲುತೀರ್ಥದ ಅಣೆಕಟ್ಟಿನಿಂದ ಹರಿದು ಬರುವ ಮಲಪ್ರಭೆಯ ಕಾಲುವೆಯಲ್ಲಿ ಮೊದಲ ಹೊಲಕ್ಕೂ ಕೊನೆಯ ಹೊಲಕ್ಕೂ ಇರುವ ಅಂತರವನ್ನು ನರಗುಂದ, ರೋಣಗಳ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಈ ಅಂತರವನ್ನೇ ನಮ್ಮ ಕೆಲವು ವಿದ್ಯಾರ್ಥಿಗಳು ನೆಟ್‌ಲೋಗೊ ಎಂಬ ಗಣಕ ತಂತ್ರಾಂಶದಲ್ಲಿ ಮಾದರಿಯಾಗಿ ಕಟ್ಟಿದರು. ಅದರಲ್ಲಿ ಒಬ್ಬೊಬ್ಬ ರೈತನೂ ತನ್ನ ಸರದಿಯಂತೆ ನೀರು ತಿರುಗಿಸಿಕೊಳ್ಳುವ ಒಂದು ಚುಕ್ಕೆ. ಒಂದೊಂದು ಹೊಲವೂ ತೇವಾಂಶಕ್ಕೆ ತಕ್ಕ ಬಣ್ಣ ತಳೆಯುವ ಒಂದು ಚೌಕ. ಬರದ ವರ್ಷದ ಲೆಕ್ಕವನ್ನು ಕೊಟ್ಟು ನಡೆಸಿದರೆ, ತುಂಬಿದ ವರ್ಷದ ಚಿತ್ರವೇ ಮತ್ತೆ ಮೂಡಿತು. ಹಸಿರು ಎಳ್ಳಷ್ಟೂ ಕುಂದಿರಲಿಲ್ಲ! "ಸರ್, ಇಂಥಾ ಬರ ನಮ್ಮೂರಿಗೆ ವರ್ಷಾವರ್ಷ ಬರ್ಲಿ ಬಿಡ್ರಿ" ಎಂದು ನರಗುಂದದ ಕಡೆಯ ಹುಡುಗನೊಬ್ಬನು ನಕ್ಕನು.

ಈ ತಂತ್ರಾಂಶದಲ್ಲಿ ಬಣ್ಣಗಳಿಗೆ 0ಯಿಂದ 140ರವರೆಗೆ ಸಂಖ್ಯೆಗಳುಂಟು. ಹಸಿರಿನ ಪಾಲು 50ರಿಂದ 60ರೊಳಗೆ: 50 ಕಪ್ಪಿಗೆ ಸಮೀಪ, 59.9 ಬಿಳುಪಿಗೆ ಸಮೀಪ. ತೇವಾಂಶದ ಯಾವ ಮೊತ್ತಕ್ಕೆ ಯಾವ ಛಾಯೆ ಸಲ್ಲಬೇಕೆಂಬುದಕ್ಕೆ ಎರಡು ಮಿತಿಗಳನ್ನು ನಾವೇ ಕೊಡಬೇಕು. ಮಿತಿಯ ಆಚೆಗೆ ಬಿದ್ದುದೆಲ್ಲಕ್ಕೂ ತುದಿಯ ಛಾಯೆಯೊಂದೇ ಗತಿ. ತೇವ ಹೆಚ್ಚಿದಷ್ಟೂ ಹಸಿರು ಗಾಢವಾಗಬೇಕಾದರೆ ಮಿತಿಗಳನ್ನು ಹಿಂದುಮುಂದಾಗಿ ಕೊಡಬೇಕೆಂಬುದನ್ನು ಹುಡುಗರು ತಾವೇ ಕಂಡುಕೊಂಡಿದ್ದರು. ಎಡವಿದ್ದು ಬೇರೆ ಕಡೆ. ಆಯಾ ಕ್ಷಣದ ಕನಿಷ್ಠ, ಗರಿಷ್ಠ ತೇವಾಂಶಗಳನ್ನೇ ಅವರು ಮಿತಿಗಳನ್ನಾಗಿ ಮಾಡಿದ್ದರು. ಒಣಗಿದ ಹೊಲಗಳಲ್ಲಿ ಕಡಮೆ ಒಣಗಿದುದೂ ಕಡುಹಸಿರಾಯಿತು. ದಿನದಿನಕ್ಕೂ ಗೆರೆಗಳು ಸರಿಯುವ ಉಷ್ಣಮಾಪಕದಿಂದ ಜ್ವರ ನೋಡಿದ ಹಾಗೆ!

ಮಿತಿಗಳನ್ನು ಗೊತ್ತುಮಾಡುವ ಅಧಿಕಾರ ಮಣ್ಣಿನದೇ ಎಂದು ನಮ್ಮ ಅಭಿಪ್ರಾಯ. ಪೈರು ಚೇತರಿಸಲಾರದಷ್ಟು ಬಾಡುವ ತೇವಾಂಶ ಒಂದು ಮಿತಿ. ಮಣ್ಣು ಕೆಳಕ್ಕೆ ಸೋರಗೊಡದೆ ಹಿಡಿದಿಡಬಲ್ಲ ತೇವಾಂಶ ಇನ್ನೊಂದು. ಇವು ಎಲ್ಲೆಡೆಯೂ ಒಂದೇ ಅಲ್ಲ. ಎರೆಯ ಜಿಗುಟುಮಣ್ಣು ನೀರನ್ನು ಬಿಗಿಯಾಗಿ ಹಿಡಿಯುವುದರಿಂದ, ಗಜೇಂದ್ರಗಡದ ಕಡೆಯ ಮರಳುಮಿಶ್ರ ಮಸಾರಿಯಲ್ಲಿ ಪೈರಿಗೆ ಸಾಕಾಗುವಷ್ಟು ತೇವ ಎರೆಯಲ್ಲಿದ್ದರೂ ಪೈರು ಬಾಡಬಹುದು. ಹೀಗೆ ತಿದ್ದಿ ನಡೆಸಿದಾಗ ಕಾಲುವೆಯ ಕೊನೆಯ ಸಾಲುಗಳು ಬೇಗನೆ ಬಿಳಿಚಿಕೊಂಡವು. ನಕ್ಕಿದ್ದ ಹುಡುಗನ ಮನೆಯ ಹೊಲ ಇರುವುದೂ ಕಾಲುವೆಯ ಕೊನೆಯಲ್ಲಿಯೇ.

ಸ್ಥಿರವಾದ ಮಿತಿಗಳಲ್ಲಿಯೂ ದೋಷವಿಲ್ಲದಿಲ್ಲ. ಭಾರತೀಯ ಹವಾಮಾನ ಇಲಾಖೆಯ ನಕ್ಷೆಯಲ್ಲಿ ವಾಡಿಕೆಗಿಂತ ಶೇಕಡಾ 19ರಷ್ಟು ಕಡಮೆ ಮಳೆಯಾದ ಜಿಲ್ಲೆ ಹಸಿರು, 20ರಷ್ಟು ಕಡಮೆಯಾದುದು ಕೆಂಪು. ಅಲ್ಲಿಂದ 59ರವರೆಗೂ ಅದೇ ಕೆಂಪು. ಒಂದಂಶಕ್ಕೆ ಇಷ್ಟು ಜಿಗಿತವೇಕೆ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳಲು ಸಾಧ್ಯವಾಗುವುದು, ಆ ಅಂಕಿಗಳು ನಕ್ಷೆಯ ಬದಿಯಲ್ಲಿಯೇ ಅಚ್ಚಾಗಿರುವುದರಿಂದ. ನಮ್ಮ ಹುಡುಗರ ಚಿತ್ರದ ಬದಿಗೂ ಈಗ ಅಂಥ ಪಟ್ಟಿಯೊಂದನ್ನು ಬರೆಯಿಸಿದ್ದೇವೆ.