ಗಣಕಯಂತ್ರದ ನೀರಿನ ಸುತ್ತು: ವಿಸ್ತರಿಸುವ ಮುನ್ನ

ಬಚ್ಚಲ ಹಂಡೆಯ ಕೆಳಗಿನ ಉರಿ ಆರಿ ಬಹಳ ಹೊತ್ತಾದರೂ ಹಂಡೆಯ ನೀರು ಬಿಸಿಯಾಗಿಯೇ ಇರುವುದನ್ನು ನಾವೆಲ್ಲರೂ ಬಲ್ಲೆವು. ಒಂದೇ ತೂಕದ ಗಾಳಿಯನ್ನೂ ನೀರನ್ನೂ ಒಂದೊಂದು ಡಿಗ್ರಿ ಬಿಸಿ ಮಾಡಹೊರಟರೆ ನೀರಿಗೆ ಸುಮಾರು 4 ಪಟ್ಟು ಹೆಚ್ಚು ಶಾಖ ಬೇಕಾಗುತ್ತದೆ. ಶಾಖವನ್ನು ಹೊರುವ ಈ ಗುಣದಿಂದಲೇ ನೀರು ಮೋಟಾರು ವಾಹನದ ಎಂಜಿನ್ನಿಗೆ ಒದಗಿತು. 1980ರಲ್ಲಿ ಐಬಿಎಂ ಸಂಸ್ಥೆಯು ಪ್ರಕಟಿಸಿದ 3081 ಎಂಬ ಬೃಹತ್ ಗಣಕಯಂತ್ರವೂ ನೀರಿನಿಂದಲೇ ತಂಪಾಗುತ್ತಿತ್ತು. ಈಗ ಅದೇ ವಿಧಾನವು ಮನೆಯ ಮೇಜಿನ ಮೇಲಿನ ಯಂತ್ರಕ್ಕೂ ಬಂದಿದೆ. ಇಂತಹ ಯಂತ್ರವುಳ್ಳ ಮನೆಯ ಕಿರಿಯರು ಇಂದಲ್ಲ ನಾಳೆ ಅದರ ನೀರಿನ ಸುತ್ತನ್ನು ವಿಸ್ತರಿಸಬೇಕೆಂದು ಕೇಳದೆ ಇರಲಾರರು. ಆಗ ಹಿರಿಯರು ಬೇಡವೆಂದು ಗದರುವುದಕ್ಕಾಗಲಿ, ಅರಿಯದೆ ಹಣ ಕೊಡುವುದಕ್ಕಾಗಲಿ ಮುಂಚೆ ವಿಷಯವನ್ನು ತಿಳಿದುಕೊಳ್ಳುವುದು ಒಳಿತು.

ಈ ಸುತ್ತಿನ ಅಂಗಗಳು ಐದು. ಶಾಖ ಹುಟ್ಟುವ ಭಾಗದ ಮೇಲೆ ಕೂರುವ ತಾಮ್ರದ ವಾಟರ್ ಬ್ಲಾಕು, ನೀರನ್ನು ನೂಕುವ ಪಂಪು, ನೀರನ್ನು ತುಂಬಿಡುವ ಪುಟ್ಟ ತೊಟ್ಟಿ, ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರು ಹಾಗೂ ಇವನ್ನೆಲ್ಲ ಕೂಡಿಸುವ ನಳಿಗೆ. ಮೊದಲಿಗೆ ಪ್ರೊಸೆಸರನ್ನು ಮಾತ್ರ ಈ ಸುತ್ತಿಗೆ ಸೇರಿಸಿ, ಅನಂತರ ಗ್ರಾಫಿಕ್ಸ್ ಕಾರ್ಡನ್ನೂ ಸೇರಿಸಲು ಬಯಸುವುದು ರೂಢಿ. ವಿಸ್ತರಣೆಯೆಂದರೆ ಬಹುಮಟ್ಟಿಗೆ ಇದೇ.

ಇಲ್ಲಿ ಮನಗಾಣಬೇಕಾದ ಮಾತು ಒಂದಿದೆ. ನೀರು ಶಾಖವನ್ನು ಹೊರುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಹೊತ್ತ ಶಾಖವನ್ನು ರೇಡಿಯೇಟರಿನಲ್ಲಿ ಇಳಿಸಲೇಬೇಕು. ಆದುದರಿಂದ ಶಾಖದ ಮೂಲವೊಂದನ್ನು ಹೆಚ್ಚಿಸಿ, ಇಳಿಸುವ ಜಾಗವನ್ನು ಹಾಗೆಯೇ ಬಿಟ್ಟರೆ ಹೊಸ ಭಾಗವು ತಣ್ಣಗಾಗುವ ಬದಲು ಹಳೆಯ ಭಾಗವೂ ಬಿಸಿಯಾಗುತ್ತದೆ. ಒಂದು ಲೆಕ್ಕವನ್ನು ನೋಡೋಣ. 120 ಮಿಲಿಮೀಟರಿನ ಒಂದು ಫ್ಯಾನು ಕೂರುವಷ್ಟು ರೇಡಿಯೇಟರು, ನೀರು ಕೋಣೆಯ ಗಾಳಿಗಿಂತ 10 ಡಿಗ್ರಿ ಬಿಸಿಯಾಗಿರುವಾಗ, ಸುಮಾರು 100 ವ್ಯಾಟ್ ಶಾಖವನ್ನು ಹೊರಹಾಕುತ್ತದೆಂಬುದು ಸ್ಥೂಲವಾದ ಅಂದಾಜು. ಪ್ರೊಸೆಸರು 125 ವ್ಯಾಟಿನದಾದರೆ ಎರಡು ಫ್ಯಾನಿನ ರೇಡಿಯೇಟರು ಸಾಕು. 2020ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 3080 ಕಾರ್ಡು ಒಂದೇ 320 ವ್ಯಾಟ್ ಬಳಸುತ್ತದೆ. ಅದನ್ನು ಸೇರಿಸಿದರೆ ಒಟ್ಟು 445 ವ್ಯಾಟ್. ಎಂದರೆ ಮೂರು ಫ್ಯಾನಿನ ಇನ್ನೊಂದು ರೇಡಿಯೇಟರು ಬೇಕೇಬೇಕು. ಕಾರ್ಡಿನ ಬ್ಲಾಕನ್ನು ಕೊಂಡು, ರೇಡಿಯೇಟರನ್ನು ಮುಂದಿನ ವರ್ಷ ನೋಡೋಣವೆಂಬ ಉಳಿತಾಯವು ಉಳಿತಾಯವಲ್ಲ.

ನಮ್ಮ ನಾಡಿನಲ್ಲಿ ಬೇಸಗೆಯನ್ನೂ ಎಣಿಸಬೇಕು. ಈ ಸುತ್ತಿನ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕಲಬುರಗಿ, ರಾಯಚೂರುಗಳ ಬಿರುಬಿಸಿಲಿನಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ನೀರು 48ಕ್ಕೆ ಏರುತ್ತದೆ. ಪಂಪುಗಳಿಗೆ ಸಾಮಾನ್ಯವಾಗಿ 60 ಡಿಗ್ರಿಯೇ ಮಿತಿ. ಇರುವ ಅಂತರ ಅಷ್ಟೇ.

ಮೊದಲು ಯಾವ ಭಾಗಕ್ಕೆ ನೀರು ಹೋಗಬೇಕೆಂಬ ಬಗ್ಗೆ ಹುಡುಗರಲ್ಲಿ ಬಹಳ ಚರ್ಚೆಯುಂಟು. ನಿಮಿಷಕ್ಕೆ 4 ಲೀಟರ್ ನೀರು ಹರಿಯುತ್ತಿದ್ದರೆ 445 ವ್ಯಾಟನ್ನು ಹೊತ್ತ ನೀರು ಇಡೀ ಸುತ್ತಿನಲ್ಲಿ ಎರಡು ಡಿಗ್ರಿಯಷ್ಟೂ ಏರುವುದಿಲ್ಲ. ಆದ್ದರಿಂದ ಭಾಗಗಳ ಕ್ರಮ ಮುಖ್ಯವಲ್ಲ. ನಳಿಗೆ ಮಡಿಚಿಕೊಳ್ಳದಿರುವುದು ಮುಖ್ಯ. ತೊಟ್ಟಿಯು ಪಂಪಿಗೆ ಸ್ವಲ್ಪ ಮುಂಚೆ, ಅದಕ್ಕಿಂತ ಎತ್ತರದಲ್ಲಿ ಇರಬೇಕೆಂಬ ಒಂದು ನಿಯಮವನ್ನು ಮಾತ್ರ ಮೀರಬಾರದು. ನೀರಿಲ್ಲದೆ ಓಡಿದ ಪಂಪು ಬೇಗ ಕೆಡುತ್ತದೆ.

ಲೋಹಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಕೂಡಿದರೆ ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ. ಕಾರ್ಖಾನೆಯಲ್ಲಿಯೇ ನೀರು ತುಂಬಿ ಮುಚ್ಚಿ ಬರುವ ಸಿದ್ಧ ಘಟಕಗಳಲ್ಲಿ ರೇಡಿಯೇಟರು ಬಹುತೇಕ ಅಲ್ಯೂಮಿನಿಯಂನದೇ. ಅದನ್ನು ಕತ್ತರಿಸಿ ತಾಮ್ರದ ಭಾಗಗಳಿಗೆ ಜೋಡಿಸುವ ಸಾಹಸ ಸಲ್ಲದು. ಕೊಳವೆಬಾವಿಯ ನೀರನ್ನಂತೂ ಹಾಕಲೇಬಾರದು. ಸ್ನಾನದ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಸುಣ್ಣವೇ ಬ್ಲಾಕಿನ ಕೂದಲೆಳೆಯಂತಹ ಕಾಲುವೆಗಳನ್ನೂ ಮುಚ್ಚುತ್ತದೆ. ಬಟ್ಟಿ ಇಳಿಸಿದ ನೀರಿಗೆ ಪಾಚಿ ಹಾಗೂ ತುಕ್ಕನ್ನು ತಡೆಯುವ ದ್ರವ್ಯ ಬೆರೆಸಿರಬೇಕು, ಇಲ್ಲವೇ ಸಿದ್ಧ ಶೀತಕವನ್ನು ಕೊಳ್ಳಬೇಕು. ಹೊಸ ರೇಡಿಯೇಟರನ್ನು ಜೋಡಿಸುವ ಮೊದಲು ಬಟ್ಟಿ ಇಳಿಸಿದ ನೀರಿನಿಂದ ಹಲವು ಸಲ ತೊಳೆಯಬೇಕು. ಬೆಸುಗೆಯ ಕಸ ಒಳಗೆ ಉಳಿದಿರುತ್ತದೆ.

ಕೊನೆಯದು ತಾಳ್ಮೆಯ ಮಾತು. ಆ ಯಂತ್ರದಲ್ಲಿ ಅಂಗಡಿಯ ಲೆಕ್ಕವಿರಬಹುದು, ಮಗಳ ಪ್ರಬಂಧವಿರಬಹುದು, ಇಂದು ನಮ್ಮೊಡನೆ ಇಲ್ಲದ ಹಿರಿಯರ ಭಾವಚಿತ್ರಗಳಿರಬಹುದು. ಹೊಸ ಕಾರ್ಡನ್ನು ಅಂಗಡಿಯಲ್ಲಿ ಕೊಳ್ಳಬಹುದು, ಅವನ್ನು ಕೊಳ್ಳಲಾಗದು. ಆದಕಾರಣ ಸುತ್ತನ್ನು ಬಿಚ್ಚುವ ಮೊದಲೇ ಅವೆಲ್ಲದರ ಪ್ರತಿಯನ್ನು ಬೇರೊಂದೆಡೆ ತೆಗೆದಿಡಬೇಕು. ಜೋಡಣೆ ಮುಗಿದ ಮೇಲೆ ಯಂತ್ರದ ಉಳಿದ ಭಾಗಗಳಿಗೆ ವಿದ್ಯುತ್ತನ್ನು ಕೊಡದೆ ಪಂಪನ್ನು ಮಾತ್ರ ಓಡಿಸಬೇಕು. ಪ್ರತಿಯೊಂದು ಕೂಡಿಕೆಯ ಕೆಳಗೂ ಬಿಳಿಯ ಕಾಗದ ಹಾಸಿ 24 ತಾಸು ಕಾಯಬೇಕು. ಕಾಗದದ ಮೇಲೆ ಒಂದೇ ಒಂದು ಹನಿ ಕಂಡರೂ ನೀರನ್ನು ಇಳಿಸಿ ಆ ಕೂಡಿಕೆಯನ್ನು ಸರಿಪಡಿಸಿ, ಮತ್ತೆ ಮೊದಲಿನಿಂದ ಎಣಿಸಬೇಕು. ಉತ್ಸಾಹದ ಹುಡುಗನಿಗೆ ಈ ಒಂದು ದಿನ ಬಲು ದೀರ್ಘವೆನಿಸುತ್ತದೆ. ಅಂದು ಅವನ ಬಳಿ ಕುಳಿತು ಕಾಗದವನ್ನು ನೋಡುತ್ತಿರುವುದೇ ಹಿರಿಯರು ಮಾಡಬಹುದಾದ ಸಹಾಯ.

ಒಳಗೆ ಹೊಸದನ್ನು ಸೇರಿಸುವವನು ಹೊರಹೋಗುವ ದಾರಿಯನ್ನು ಮೊದಲು ಅಗಲ ಮಾಡಬೇಕು. ಆ ದಾರಿಗೆ ಯಂತ್ರದ ಪೆಟ್ಟಿಗೆಯಲ್ಲಿ ಸ್ಥಳವಿಲ್ಲದಿದ್ದರೆ ಕಾರ್ಡನ್ನು ಅದರ ಫ್ಯಾನುಗಳೊಡನೆಯೇ ಇರಗೊಡುವುದು ಜಾಣತನ.