ಮರ ಕಡಿಯೋಕೆ ಟೆಂಡರ್ ಇದೆ, ಹತ್ತುವವನಿಗೆ ಹಗ್ಗ ಮಾತ್ರ

ಮುಂಗಾರಿಗೆ ಮೊದಲಿನ ಒಂದು ಗಾಳಿಮಳೆಗೆ ಬೆಂಗಳೂರಿನ ನಮ್ಮ ಬೀದಿಯ ಗುಲ್‌ಮೊಹರ್ ಅರ್ಧ ಸೀಳಿ, ಎದುರು ಮನೆ ಮಹಡಿಗೆ ಒರಗಿಕೊಂಡಿತು. ಮರುದಿನ ಗುತ್ತಿಗೆದಾರನ ಕಡೆಯಿಂದ ನಾಲ್ವರು ಬಂದರು. ಒಂದು ಯಂತ್ರದ ಗರಗಸ, ಎರಡು ಮಚ್ಚು, ಒಂದು ಸುರುಳಿ ನೈಲಾನ್ ಹಗ್ಗ. ಹೆಲ್ಮೆಟ್ ಇಲ್ಲ, ಸೊಂಟಕ್ಕೆ ಬೆಲ್ಟ್ ಇಲ್ಲ. ಇಪ್ಪತ್ತು ದಾಟಿರದ ಹುಡುಗನೊಬ್ಬ ಚಪ್ಪಲಿ ಬಿಟ್ಟು ಮೇಲೆ ಹತ್ತಿದ. ಉಳಿದ ಮೂವರು ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ನಿಂತರು. ಕೊಂಬೆ ಕಳಚಿದ ಕ್ಷಣ ಆ ಮೂವರೂ ಎರಡು ಮಾರು ಮುಂದಕ್ಕೆ ದರದರ ಜಾರಿದರು. ನಾವೆಲ್ಲ ವಿಡಿಯೊ ಮಾಡ್ತಿದ್ವಿ. ನಾನೂ.

ಲೆಕ್ಕ ಸರಳ. ಎರಡು ಅಡಿ ದಪ್ಪ, ಮೂರು ಅಡಿ ಉದ್ದದ ಹಸಿ ತುಂಡು 200 ಕೆಜಿಗಿಂತ ಹೆಚ್ಚು ತೂಗಬಹುದು. ಅದು ಒಂದೆರಡು ಅಡಿ ಬಿದ್ದು ಹಗ್ಗಕ್ಕೆ ಸಿಕ್ಕಿಬಿದ್ದರೆ, ಹಗ್ಗಕ್ಕೆ ಬೀಳೋ ಜಗ್ಗು ಅದರ ಎಷ್ಟೋ ಪಟ್ಟು. ಮೂರು ಜನರ ರಟ್ಟೆ ಏನು ಮಾಡೀತು?

ಇದಕ್ಕೆ ಯಂತ್ರ ಇಲ್ಲ ಅಂತಲ್ಲ. ಹತ್ತರಿಂದ ಹದಿನಾರು ಕೆಜಿ ತೂಗುವ, ಒಬ್ಬರೇ ಎತ್ತಿಕೊಂಡು ಹೋಗಬಹುದಾದ ಪೆಟ್ರೋಲ್ ವಿಂಚ್‌ಗಳು 700ರಿಂದ 1000 ಕೆಜಿವರೆಗೆ ಎಳೆಯುತ್ತವೆ. ಎಳೆಯಬೇಕಾದ ತುಂಡಿಗೇ ಒಂದು ರಾಟೆ ಕಟ್ಟಿ ಹಗ್ಗವನ್ನು ಮಡಚಿ ತಂದರೆ ಬಲ ಹೆಚ್ಚೂಕಡಿಮೆ ಇಮ್ಮಡಿ, ವೇಗ ಅರ್ಧ. ಮನೆ ಗೇಟಿನೊಳಗೆ ನುಗ್ಗಿ, ಕಾಲು ಚಾಚಿ ನಿಲ್ಲುವ ಪುಟ್ಟ ಕ್ರೇನ್‌ಗಳೂ ಇವೆ. ಅವು ಕಡಿಯುವ ಮೊದಲೇ ತುಂಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬೀಳೋ ಮಾತೇ ಇಲ್ಲ, ಇಳಿಸೋದು ಮಾತ್ರ. ದೊಡ್ಡ ಕ್ರೇನ್ ತಿರುಗದ ನಮ್ಮ ಅಡ್ಡರಸ್ತೆಗಳಿಗೆ ಹೇಳಿ ಮಾಡಿಸಿದ ಸಾಧನ.

ಆದರೆ ‘ವಿಂಚ್ ಕೊಳ್ಳಿ’ ಅಂತಷ್ಟೇ ಹೇಳೋಕೆ ನನಗೆ ಭಯ. ನೆಲದ ಮೇಲೆ ಎಳೆಯೋ ವಿಂಚ್ ಬೇರೆ, ಭಾರ ಎತ್ತೋ ವಿಂಚ್ ಬೇರೆ. ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುವ ವಿಂಚ್‌ಗಳಲ್ಲಿ ಮೇಲೆ ಬರೆದ ಸಾಮರ್ಥ್ಯ ಸಾಮಾನ್ಯವಾಗಿ ಮೊದಲ ಸುತ್ತಿನದು. ಸುತ್ತಿನ ಮೇಲೆ ಸುತ್ತು ಬಂದಂತೆ ಎಳೆತ ಇಳಿಯುತ್ತೆ. ಟೊಳ್ಳು ಕಾಂಡಕ್ಕೆ ರಾಟೆ ಕಟ್ಟಿ ಎಳೆದರೆ ಕಾಂಡವೇ ಬಂದು ಮೈಮೇಲೆ ಬೀಳಬಹುದು. ಇದನ್ನೆಲ್ಲ ಕಲಿಸದೆ ಯಂತ್ರ ಕೊಟ್ಟರೆ ಏನಾಗುತ್ತೆ ಅಂತ ಊಹಿಸೋದು ಕಷ್ಟವಲ್ಲ. ಮಣ್ಣು ತೆಗೆಯೋ ಜೆಸಿಬಿಯ ಬಕೆಟ್‌ನಲ್ಲಿ ಮನುಷ್ಯನನ್ನು ನಿಲ್ಲಿಸಿ ಕೊಂಬೆ ಕಡಿಸೋದನ್ನ ನೀವೂ ನೋಡಿರ್ತೀರಿ.

ಕಲಿಸಬೇಕಾದವರು ಯಾರು? ಇಲ್ಲೇ ರಾಜಕೀಯ ಇರೋದು. ಕಡಿಮೆ ದರ ಕೂಗಿದವನಿಗೆ ಗುತ್ತಿಗೆ, ಅವನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ದಿನಗೂಲಿಗೆ. ಈ ವರ್ಷ ಕಲಿತವನು ಮುಂದಿನ ವರ್ಷ ಇರಲ್ಲ. ಕೈಕೂಲಿ ಅಗ್ಗ ಇರೋವರೆಗೆ ಯಾವ ಗುತ್ತಿಗೆದಾರನೂ ಸ್ವಂತ ದುಡ್ಡಲ್ಲಿ ವಿಂಚ್ ತರಲ್ಲ. ರಾಜ್ಯದ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಯಾವ ಮರ ಕಡಿಯಬೇಕು, ಅನುಮತಿ ಯಾರು ಕೊಡಬೇಕು, ಬದಲಿಗೆ ಎಷ್ಟು ನೆಡಬೇಕು ಅನ್ನೋದರ ಬಗ್ಗೆ ಅದು ಮಾತಾಡುತ್ತೆ. ಹತ್ತುವವನ ಬಗ್ಗೆ ಮಾತಿಲ್ಲ. ಪರಿಸರದ ಹೋರಾಟಗಳಲ್ಲಿ ಕೂಗಿರೋ ನಮ್ಮ ಘೋಷಣೆಗಳಲ್ಲೂ ಅವನಿಲ್ಲ, ಒಪ್ಪಿಕೊಳ್ಳೋಣ.

ಗೆಳತಿಯೊಬ್ಬಳ ತಕರಾರು ಬೇರೆ: ಕಡಿಯೋದು ಸುಲಭವಾದ್ರೆ ಇನ್ನಷ್ಟು ಮರ ಕಡೀತಾರೆ. ಭಯ ನ್ಯಾಯವಾದದ್ದೇ. ಆದರೆ ಕೂಲಿಯವನ ಜೀವಕ್ಕಿರೋ ಅಪಾಯವನ್ನೇ ಮರಕ್ಕೆ ಬೇಲಿ ಮಾಡಿಕೊಳ್ಳೋದು ಯಾವ ಪರಿಸರವಾದ? ಅನುಮತಿ ಹಂತದಲ್ಲಿ ಜಗಳ ಆಡೋಣ. ಅಷ್ಟೇ ಅಲ್ಲ, ಕೊಂಬೆಯನ್ನು ಹಿಡಿದು ನಿಧಾನವಾಗಿ ಇಳಿಸೋ ಸಾಧನ ಇದ್ದರೆ ಒಣಗಿದ್ದನ್ನಷ್ಟೇ ತೆಗೆದು ಮರ ಉಳಿಸೋಕೂ ಆಗುತ್ತೆ.

2024ರ ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿದು ಎಲ್ಲೆಂದರಲ್ಲಿ ಮರ ಉರುಳಿದ್ದವು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಮುಂದಾಳತ್ವದಲ್ಲಿ ನೆಟ್ಟ ಮರಗಳಿಗೆ ಈಗ ನಲವತ್ತರ ಆಸುಪಾಸು ವಯಸ್ಸು. ಅವುಗಳ ಬೇರಿನ ಮೇಲೆ ನಾವು ಕಾಂಕ್ರೀಟ್ ಸುರಿದಿದ್ದೀವಿ. ಉರುಳೋ ಮರ ಇನ್ನೂ ಇವೆ, ಹತ್ತೋ ಹುಡುಗರೂ ಬೇಕಾಗ್ತಾರೆ.

2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಪ್ರತಿ ಪಾಲಿಕೆಗೂ ತರಬೇತಿ ಪಡೆದ, ಕಾಯಂ ಸಂಬಳದ ಮರ ತಂಡ, ಅವರ ಕೈಗೆ ವಿಂಚ್, ಮೈಗೆ ಬೆಲ್ಟ್, ತಲೆಗೆ ಹೆಲ್ಮೆಟ್, ಹೆಸರಲ್ಲಿ ವಿಮೆ ಇರಲಿ ಅಂತ ನಿಮ್ಮ ವಾರ್ಡಿಗೆ ವೋಟು ಕೇಳೋಕೆ ಬಂದವರನ್ನ ಕೇಳಿ. ಆ ದಿನ ಇಳಿದು ಬಂದ ಹುಡುಗನಿಗೆ ನೀರು ಕೊಡ್ತಾ ‘ಭಯ ಆಗಲ್ವಾ?’ ಅಂದೆ. ‘ಆಗ್ತದೆ ಅಣ್ಣಾ’ ಅಂದ, ಬಾಟಲಿ ವಾಪಸ್ ಕೊಟ್ಟು ಇನ್ನೊಂದು ಕೊಂಬೆಗೆ ಹೋದ.