ಸೈಕಲ್ ಸವಾರನ ಕಣ್ಣು

ದೇಹಕ್ಕೆ ದಿನವೂ ಒಂದಿಷ್ಟು ದುಡಿಮೆ ಬೇಕೆಂಬುದನ್ನು ವೈದ್ಯರು ಹೇಳುವ ಮೊದಲೇ ನಮ್ಮ ಹಿರಿಯರು ಬಲ್ಲವರಾಗಿದ್ದರು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಸಲಹೆ ನೀಡುತ್ತದೆ. ಕಾಯಕದ ಸ್ಥಳಕ್ಕೆ ಸೈಕಲ್ಲಿನಲ್ಲಿ 15 ನಿಮಿಷ ಹೋಗಿ, 15 ನಿಮಿಷ ಮರಳಿ ಬರುವವನಿಗೆ ಐದು ದಿನಗಳಲ್ಲಿ ಈ ಲೆಕ್ಕ ತಾನಾಗಿಯೇ ತುಂಬುತ್ತದೆ. ಆದರೆ ಮಧುಮೇಹವೋ ರಕ್ತದೊತ್ತಡವೋ ಕಾಣಿಸಿಕೊಂಡ ಮಧ್ಯವಯಸ್ಕರಿಗೆ ಸೈಕಲ್ ತುಳಿಯಿರೆಂದು ಹೇಳಿ ನೋಡಿ. "ರಸ್ತೆಗೆ ಇಳಿಯಲು ಭಯವಾಗುತ್ತದೆ, ಯಾವ ಗಾಡಿ ಯಾವಾಗ ಮೈಮೇಲೆ ಬರುತ್ತದೋ" ಎಂಬ ಉತ್ತರವೇ ಬಹುಮಟ್ಟಿಗೆ ದೊರೆಯುತ್ತದೆ. ಈ ಭಯ ನಿರಾಧಾರವಾದುದಲ್ಲ. ಆದುದರಿಂದ ಅದನ್ನು ವಿವೇಕವನ್ನಾಗಿ ಮಾರ್ಪಡಿಸಿಕೊಳ್ಳುವ ಬಗೆ ಹೇಗೆಂಬುದು ಆರೋಗ್ಯಕ್ಕೆ ಸಂಬಂಧಿಸಿದ ಪ್ರಶ್ನೆಯೇ ಆಗಿದೆ.

ನಾನು ಅನೇಕ ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಉಣಕಲ್ಲಿನ ಕಡೆಯಿಂದ ಚೆನ್ನಮ್ಮ ವೃತ್ತದ ಕಡೆಗೆ ಸೈಕಲ್ಲಿನಲ್ಲಿಯೇ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ನಿತ್ಯವೂ ಸೈಕಲ್ ತುಳಿಯುವ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಒಂದು ಪಟ್ಟಿ ಇರುತ್ತದೆ. ಲಾರಿಯವನು ಯಮನ ದೂತ, ಆಟೊದವನು ಮಾತು ಕೇಳದವನು, ಬೈಕಿನ ಹುಡುಗ ಹುಚ್ಚು ಧೈರ್ಯದವನು, ಕಾರಿನಲ್ಲಿ ಕುಳಿತ ಹಿರಿಯರು ಸಭ್ಯರು. ಹೀಗೆ ಸಾಗುತ್ತದೆ ಆ ಪಟ್ಟಿ. ನನ್ನದೂ ಇದೇ ಆಗಿತ್ತು. ಒಂದು ಮುಂಜಾನೆ ಹಿಂದಿನಿಂದ ಲಾರಿಯೊಂದರ ಹಾರ್ನ್ ಕೇಳಿಸಿತು. ನನ್ನ ಗಮನವೆಲ್ಲ ಅತ್ತ ಹರಿಯಿತು. ಆ ಕ್ಷಣದಲ್ಲಿಯೇ ರಸ್ತೆಯ ಎಡಬದಿಗೆ ನಿಂತಿದ್ದ ಕಾರಿನ ಬಾಗಿಲು ತೆರೆಯಿತು. ನಾನು ಬಾಗಿಲಿಗೆ ಬಡಿದು ರಸ್ತೆಯ ನಡುವಿಗೆ ಬಿದ್ದೆ. ಹೆಗಲಿನ ಮುಂಭಾಗದ ಎಲುಬು ಮುರಿಯಿತು. ಬಾಗಿಲು ತೆರೆದವರು ವಯೋವೃದ್ಧರಾದ ಸಜ್ಜನರು. ನನ್ನ ಸ್ಥಿತಿಯನ್ನು ಕಂಡು ಕಣ್ಣೀರು ಹಾಕಿದರು. ಯಮನ ದೂತನೆಂದು ನಾನು ಎಣಿಸಿದ್ದ ಲಾರಿಯ ಚಾಲಕನು ಸಕಾಲದಲ್ಲಿ ಬ್ರೇಕ್ ಹಾಕಿ, ಕೆಳಗಿಳಿದು ಬಂದು, "ಏಳ್ರೀ ಯಜಮಾನ್ರ" ಎಂದು ನನ್ನನ್ನು ಎತ್ತಿ ಕೂರಿಸಿದನು. ಆತನ ಗಮನ ಅರೆಕ್ಷಣ ಬೇರೆಡೆ ಹೋಗಿದ್ದರೆ ಈ ಲೇಖನವನ್ನು ಬರೆಯಲು ನಾನು ಉಳಿಯುತ್ತಿರಲಿಲ್ಲ.

ಆರು ವಾರಗಳ ಕಾಲ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮನೆಯಲ್ಲಿ ಕುಳಿತಾಗ ಒಂದು ಸಂಗತಿ ಮನದಟ್ಟಾಯಿತು. ನನ್ನ ಪಟ್ಟಿಯು ನನ್ನ ಭಯವನ್ನೂ ನಂಬಿಕೆಯನ್ನೂ ಒಟ್ಟಿಗೇ ದಾರಿ ತಪ್ಪಿಸಿತ್ತು. ಯಾರು ಎಂಬುದನ್ನು ನೋಡಿ ಅಪಾಯವನ್ನು ಅಳೆಯುವವನು, ಏನು ಮಾಡುತ್ತಿದ್ದಾರೆ ಎಂಬುದನ್ನು ನೋಡಲು ಮರೆಯುತ್ತಾನೆ. ಅಪಾಯವು ಇರುವುದು ಮನುಷ್ಯನ ಜಾತಿ, ವಯಸ್ಸು, ವೇಷಗಳಲ್ಲಿ ಅಲ್ಲ. ಆ ಕ್ಷಣದ ಆತನ ನಡೆಯಲ್ಲಿ.

ವೇಷವನ್ನು ಕಂಡು ಅಳೆಯುವ ಈ ದೋಷ ಸವಾರನದು ಮಾತ್ರವಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ ಅವರು ತಮ್ಮ ಸೈಕಲ್ಲಿಗೆ ಅಂತರವನ್ನು ಅಳೆಯುವ ಉಪಕರಣವನ್ನು ಜೋಡಿಸಿ, 2,300ಕ್ಕೂ ಹೆಚ್ಚು ವಾಹನಗಳು ತಮ್ಮನ್ನು ಹಿಂದಿಕ್ಕಿದ ಬಗೆಯನ್ನು ದಾಖಲಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅವರು ಹೆಲ್ಮೆಟ್ ಧರಿಸಿದ್ದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರದಿಂದ ಸಾಗಿದ್ದವು. ಉದ್ದ ಕೂದಲಿನ ಟೋಪನ್ನು ಧರಿಸಿ ಹೆಣ್ಣಿನಂತೆ ಕಂಡಾಗ ಹೆಚ್ಚು ದೂರ ಬಿಟ್ಟಿದ್ದವು. ಹೆಲ್ಮೆಟ್ ಕುರಿತ ಈ ನಿರ್ಣಯದ ಬಗ್ಗೆ ಬಳಿಕ ವಿದ್ವಾಂಸರಲ್ಲಿ ವಾದವಿವಾದಗಳು ನಡೆದಿವೆ. ಬಿದ್ದಾಗ ತಲೆಯನ್ನು ಕಾಯುವ ಹೆಲ್ಮೆಟ್ಟನ್ನು ಇದರಿಂದ ಯಾರೂ ಬಿಡಬೇಕಾಗಿಲ್ಲ. ಸವಾರನು ಚಾಲಕನನ್ನು ತೂಗುವಂತೆ ಚಾಲಕನೂ ಸವಾರನನ್ನು ಕಣ್ಣಂದಾಜಿನಲ್ಲಿ ತೂಗುತ್ತಿರಬಹುದು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದುದು.

ಹಾಗಾದರೆ ಏನನ್ನು ನೋಡಬೇಕು? ಮೊದಲನೆಯದು ಮುಂದಿನ ಗಾಲಿ. ಸೂಚಕ ದೀಪವನ್ನು ಹಾಕಲು ಚಾಲಕ ಮರೆಯಬಹುದು, ಹಾಕಿದ್ದನ್ನು ಆರಿಸಲೂ ಮರೆಯಬಹುದು. ಗಾಲಿ ಮಾತ್ರ ಸುಳ್ಳು ಹೇಳದು. ಅಡ್ಡರಸ್ತೆಯಲ್ಲಿ ನಿಂತ ವಾಹನ ಚಲಿಸತೊಡಗಿದುದು ಅದರ ಒಡಲಿಗಿಂತ ಮೊದಲು ಗಾಲಿಯ ತಿರುಗುವಿಕೆಯಲ್ಲಿ ಕಾಣುತ್ತದೆ. ಚಾಲಕನ ಕಣ್ಣು ನಮ್ಮ ಮೇಲೆ ಬಿದ್ದಿತೆಂದು ನಿಶ್ಚಿಂತರಾಗಬಾರದು. ಬಸ್ಸು ಕಾರುಗಳನ್ನೇ ನಿರೀಕ್ಷಿಸುತ್ತಿರುವ ಕಣ್ಣು ಸೈಕಲ್ಲನ್ನು ನೋಡಿಯೂ ಕಾಣದಿರುವುದುಂಟು.

ಎರಡನೆಯದು ಚಾಲಕನ ತಲೆ. ಅದು ಮತ್ತೆ ಮತ್ತೆ ಕೆಳಗೆ ಬಾಗುತ್ತಿದ್ದರೆ ಕೈಯಲ್ಲಿ ಮೊಬೈಲ್ ಇದೆಯೆಂದೇ ತಿಳಿಯಬೇಕು. ಕಾರಣವಿಲ್ಲದೆ ವೇಗ ತಗ್ಗಿ ಮತ್ತೆ ಏರುವುದು, ಗಾಡಿ ಅತ್ತಿತ್ತ ವಾಲುವುದು ಇದರ ಇತರ ಲಕ್ಷಣಗಳು. ಮೊಬೈಲ್ ಬಳಸುವ ಚಾಲಕನು ಅಪಘಾತಕ್ಕೆ ಒಳಗಾಗುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಎರಡು ಸೆಕೆಂಡುಗಳಲ್ಲಿ 33 ಮೀಟರ್ ದೂರವನ್ನು ಕ್ರಮಿಸುತ್ತದೆ. ಒಂದು ಸಂದೇಶವನ್ನು ಓದುವಷ್ಟರಲ್ಲಿ ಅಷ್ಟು ದಾರಿ ಕಣ್ಣು ಮುಚ್ಚಿಯೇ ಸಾಗಿರುತ್ತದೆ.

ಮೂರನೆಯದು, ಆ ಗಾಡಿಯವನಿಗೆ ಈಗ ಏನು ಬೇಕಾಗಿದೆ ಎಂಬುದು. ಖಾಲಿ ಆಟೊದವನ ದೃಷ್ಟಿ ರಸ್ತೆಯ ಅಂಚಿನಲ್ಲಿ ನಿಂತ ಜನರ ಮೇಲಿರುತ್ತದೆ. ಒಬ್ಬರು ಕೈ ಎತ್ತಿದರೆ ಆತ ಒಮ್ಮೆಲೇ ಎಡಕ್ಕೆ ಹೊರಳುತ್ತಾನೆ. ಅದು ದುಷ್ಟತನವಲ್ಲ, ಅಂದಿನ ಅನ್ನದ ಚಿಂತೆ. ನಿಲ್ದಾಣ ಸಮೀಪಿಸಿದ ಬಸ್ಸು ಎಡಕ್ಕೆ ಬಂದೇ ಬರುತ್ತದೆ. ಬದಿಗೆ ನಿಂತ ಕಾರಿನೊಳಗೆ ತಲೆ ಕಂಡರೆ ಬಾಗಿಲು ತೆರೆಯಬಹುದೆಂದು ಎಣಿಸಿ, ಬಾಗಿಲಿನ ಅಗಲದಷ್ಟು ದೂರವಿಟ್ಟೇ ಸಾಗಬೇಕು.

ವಾಹನದ ಜಾತಿಗೆ ಬೆಲೆಯೇ ಇಲ್ಲವೇ ಎಂದು ಕೆಲವರು ಕೇಳಬಹುದು. ಬೆಲೆ ಇದೆ, ಆದರೆ ಅದು ಯಂತ್ರದ ಬಗೆಗಿನ ತಿಳಿವಳಿಕೆಯಾಗಿ ಮಾತ್ರ. ಲಾರಿಯ ತೂಕ ಹೆಚ್ಚು, ಅದು ನಿಲ್ಲಲು ಬೇಕಾಗುವ ದೂರವೂ ಹೆಚ್ಚು. ಬಲಬದಿಯಲ್ಲಿ ಎತ್ತರಕ್ಕೆ ಕುಳಿತ ಚಾಲಕನಿಗೆ ಲಾರಿಯ ಎಡ ಮಗ್ಗುಲು ಬಹುಪಾಲು ಕಾಣುವುದೇ ಇಲ್ಲ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ ಆತನಿಗೆ ನಾವೂ ಕಾಣುತ್ತಿಲ್ಲವೆಂದೇ ಅರ್ಥ. ವೃತ್ತದಲ್ಲಿ ನಿಂತ ಲಾರಿ ಬಸ್ಸುಗಳ ಎಡಸಂದಿಯಲ್ಲಿ ನುಸುಳುವುದು ಇದೇ ಕಾರಣಕ್ಕಾಗಿ ಪ್ರಾಣಾಪಾಯಕರ. ಹೀಗೆ ವಾಹನವನ್ನು ನೋಡಿ ಅಂತರವನ್ನು ನಿರ್ಧರಿಸಬೇಕು, ಚಾಲಕನ ಗುಣವನ್ನಲ್ಲ.

ಇದರಲ್ಲಿ ಮನಸ್ಸಿನ ಆರೋಗ್ಯದ ಮಾತೂ ಅಡಗಿದೆ. ಕೂದಲೆಳೆಯಲ್ಲಿ ಪಾರಾದ ಬಳಿಕ ಬಂದ ಸಿಟ್ಟು ಮುಂದಿನ ನಾಲ್ಕು ವೃತ್ತಗಳವರೆಗೂ ನಮ್ಮನ್ನು ಹಿಂಬಾಲಿಸುತ್ತದೆ. ಎದೆ ಬಡಿತ ಏರುತ್ತದೆ, ಕಣ್ಣು ಮುಂದಿನ ದಾರಿಯಲ್ಲಿದ್ದರೂ ಚಿತ್ತವು ಹಿಂದೆ ಉಳಿಯುತ್ತದೆ. ಎರಡು ನಿಮಿಷ ಬದಿಗೆ ನಿಂತು, ಉಸಿರು ಸಮನಾದ ಮೇಲೆ ಹೊರಡುವುದು ಹೇಡಿತನವಲ್ಲ. ಎಲ್ಲ ಚಾಲಕರನ್ನೂ ಶತ್ರುಗಳೆಂದು ಭಾವಿಸುವವನು ಹೆಚ್ಚು ದಿನ ಸೈಕಲ್ ತುಳಿಯಲಾರನು.

ಆದರೆ ಇಷ್ಟೆಲ್ಲ ಎಚ್ಚರದ ಭಾರವನ್ನು ಸವಾರನೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ಸೈಕಲ್ ಏರಿ ಶಾಲೆಗೆ ಹೊರಟರು. ಹದಿಮೂರರ ಆ ಮಗು ಗಾಲಿಯನ್ನು ನೋಡಿ ಚಾಲಕನ ಮನಸ್ಸನ್ನು ಓದಬೇಕೆಂದು ನಿರೀಕ್ಷಿಸಲಾದೀತೇ? ಮಗುವಿನಲ್ಲಿ ಇಲ್ಲದ ವಿವೇಕವನ್ನು ಚಾಲಕನೇ ತುಂಬಿಕೊಡಬೇಕು. ರಸ್ತೆಯಲ್ಲಿ ವಾಹನಗಳ ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಪ್ರಾಣಹಾನಿಯಾಗುವ ಅಪಘಾತದ ಸಂಭವ ಶೇಕಡಾ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ. ಚಾಲನೆಯ ವೇಳೆ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದನ್ನು ನಮ್ಮ ಮೋಟಾರು ವಾಹನ ಕಾಯ್ದೆಯೂ 2019ರ ತಿದ್ದುಪಡಿಯ ಮೂಲಕ ಅಪಾಯಕಾರಿ ಚಾಲನೆಯ ವ್ಯಾಖ್ಯೆಯೊಳಗೆ ಸೇರಿಸಿದೆ.

ಈ ಪುಟವನ್ನು ಓದುತ್ತಿರುವ ಭಕ್ತರಲ್ಲಿ ಸೈಕಲ್ ತುಳಿಯುವವರಿಗಿಂತ ಕಾರು, ಬೈಕು ನಡೆಸುವವರೇ ಹೆಚ್ಚಿರಬಹುದು. ಅವರಲ್ಲಿ ನನ್ನದು ಮೂರು ವಿನಂತಿಗಳು. ಸೈಕಲ್ಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಬಿಟ್ಟು ಸಾಗಿರಿ. ಅಷ್ಟು ಸ್ಥಳವಿಲ್ಲದಿದ್ದರೆ ಕ್ಷಣಕಾಲ ಹಿಂದೆಯೇ ಉಳಿಯಿರಿ. ತಿರುಗುವ ಮೊದಲೇ ಸೂಚಕ ದೀಪ ಹಾಕಿರಿ. ಕಾರಿನ ಬಾಗಿಲನ್ನು ಅದರಿಂದ ದೂರವಿರುವ ಕೈಯಿಂದ ತೆರೆಯಿರಿ. ಬಲಬದಿಗೆ ಕುಳಿತ ಚಾಲಕನಿಗೆ ಅದು ಎಡಗೈ. ಹೀಗೆ ಮಾಡಿದರೆ ಮೈ ತಾನಾಗಿಯೇ ಹೊರಳಿ, ದೃಷ್ಟಿ ಹಿಂದಿನ ರಸ್ತೆಯ ಮೇಲೆ ಬೀಳುತ್ತದೆ. ನೆದರ್‌ಲ್ಯಾಂಡ್ಸ್ ದೇಶದ ಹೆಸರಿನೊಂದಿಗೆ ಪ್ರಸಿದ್ಧವಾದ ಈ ಪದ್ಧತಿಯನ್ನು ಬ್ರಿಟನ್ ದೇಶವು 2022ರಲ್ಲಿ ತನ್ನ ಹೆದ್ದಾರಿ ಸಂಹಿತೆಗೆ ಸೇರಿಸಿಕೊಂಡಿತು. ಇದಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲ.

ಎಲುಬು ಕೂಡಿದ ಮೇಲೆ ನಾನು ಮರಳಿ ಸೈಕಲ್ ಏರಿದೆ. ಹಿಂದಿನಿಂದ ಲಾರಿಯ ಹಾರ್ನ್ ಕೇಳಿದಾಗ ಈಗಲೂ ಬದಿಗೆ ಸರಿಯುತ್ತೇನೆ. ಆದರೆ ಯಮನ ದೂತನೆಂಬ ಹಳೆಯ ಮಾತು ಮನಸ್ಸಿಗೆ ಬರುವುದಿಲ್ಲ. ನನ್ನನ್ನು ಎತ್ತಿ ಕೂರಿಸಿದ ಆ ಎರಡು ಕೈಗಳು ನೆನಪಾಗುತ್ತವೆ. ಕಣ್ಣು ಮಾತ್ರ ಮುಂದೆ ನಿಂತ ಕಾರುಗಳ ಬಾಗಿಲಿನ ಮೇಲಿರುತ್ತದೆ.